ಎಂಟು ನಿಲ್ಲದ ಹಲಗೆ

"ಒಂದು, ಮೂರು, ಎರಡು, ಎಂಟು."

ತಲೆಕೆಳಗು ಮಾಡಿದ್ದ ಟೀ ಕೆಟಲಿನ ತಳವನ್ನು ಪತ್ತೇದಾರಿಣಿ ಕಿಟಕಿಯ ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದಳು. ಸಾಲದೆಂದು ಇನ್ನೊಮ್ಮೆ ಓದಿದಳು. ಆಮೇಲೆ ಅವಳಿಗೆ ನಗು ಬಂತು. ತುಟಿ ಕಚ್ಚಿ ತಡೆಯಲು ನೋಡಿದಳು, ಆಗಲಿಲ್ಲ.

ಪ್ಯಾಕಿಂಗ್ ಕೋಣೆಯಲ್ಲಿ ನೆರೆದವರೆಲ್ಲ ಅವಳನ್ನೇ ನೋಡುತ್ತ ನಿಂತಿದ್ದರು. ಪಿಂಗಾಣಿ ಕಾರ್ಖಾನೆಯನ್ನು ನಡೆಸುವ ಅವಳ ಅಣ್ಣನಂತೂ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಮನೆ ಹೊತ್ತಿ ಉರಿಯುವಾಗ ಇವಳಿಗೆ ನಗು ಎಲ್ಲಿಂದ ಬರುತ್ತದೆ ಎಂದು ಅವನು ಅವಳ ಮೊಣಕೈ ತಿವಿದ.

ಅವನ ಭಯ ಸುಳ್ಳಲ್ಲ. ತಾತನೂ ಅವರ ಪಾಲುದಾರರೂ ಬೇರೆಯಾಗುವ ಮೊದಲು ಒಂದು ಕರಾರು ಮಾಡಿಕೊಂಡಿದ್ದರು. ಇಬ್ಬರೂ ಸೇರಿ ಕೊನೆಯದಾಗಿ ಮಾಡಿದ ಹಕ್ಕಿ ಚಿತ್ರದ ಕೆಟಲ್ ಯಾರ ಮನೆಯಲ್ಲಿದೆಯೋ, ಹಕ್ಕಿ ಮುದ್ರೆ ಅವರದು. ಆ ಕೆಟಲ್ ಇಷ್ಟು ವರ್ಷ ಈ ಮನೆಯ ಮಹಡಿಯಲ್ಲೇ ಇದೆ ಎಂಬುದು ಎಲ್ಲರ ಲೆಕ್ಕ. ಆ ಮುದ್ರೆ ನೋಡಿಯೇ ಜನ ಇಲ್ಲಿನ ಟೀ ಕಪ್ಪು ಕೊಳ್ಳುವುದು. ಮುದ್ರೆ ಹೋದರೆ ಪಾತ್ರೆ ಸುಡುವ ಆವಿಗೆ ಉರಿದರೂ ಒಂದೇ, ಆರಿದರೂ ಒಂದೇ. ಈಗ ಆ ಪಾಲುದಾರರ ಮೊಮ್ಮಗ, ತಲೆಯ ಮೇಲೊಂದು ಬೂದು ಟೋಪಿ, ಕೈಯಲ್ಲೊಂದು ಹಕ್ಕಿ ಕೆಟಲ್ ಹಿಡಿದು ಬಂದು, ಅಸಲಿ ನಮ್ಮಲ್ಲಿದೆ ಎಂದು ನಿಂತಿದ್ದ. ಅವಳು ಓದಿದ್ದು ಆ ಕೆಟಲಿನ ತಳವನ್ನೇ. ತೀರ್ಪು ಹೇಳಬೇಕಾದ ತಯಾರಕರ ಸಂಘದ ಅಧ್ಯಕ್ಷರು ಇದ್ದುದರಲ್ಲಿ ಗಟ್ಟಿಯಾದ ಕುರ್ಚಿಯನ್ನು ಹುಡುಕಿಕೊಂಡು ಕೂತಿದ್ದರು.

"ಏನಮ್ಮ ಅದು ನಗೋ ಅಂಥದ್ದು?" ಎಂದರು ಅಧ್ಯಕ್ಷರು.

ಪತ್ತೇದಾರಿಣಿ ತಿಗರಿ ಮೇಸ್ತ್ರಿಯ ಕಡೆ ತಿರುಗಿ, ಒಂದು ಖಾಲಿ ಹಲಗೆ ಮತ್ತು ಎಂಟು ಕಪ್ಪು ತರಲು ಹೇಳಿದಳು. ಮೇಸ್ತ್ರಿಗೆ ಅರ್ಥವಾಗಿಹೋಯಿತು. ಮೀಸೆಯಡಿಯಲ್ಲೇ ನಗುತ್ತ ಹೋದ ಮನುಷ್ಯ ಓಡುತ್ತಲೇ ಬಂದ.

ಈ ಕಾರ್ಖಾನೆಯ ಹಲಗೆ ಎಂದರೆ ಉದ್ದನೆಯ ಮರದ ಪಟ್ಟಿ. ಅದರಲ್ಲಿ ಆರು ದುಂಡನೆಯ ಗುಳಿಗಳು. ತಿಗರಿಯ ಚಕ್ರದಿಂದ ಇಳಿದ ಹಸಿ ಪಾತ್ರೆ ಹೋಗಿ ಕೂರುವುದು ಆ ಗುಳಿಯಲ್ಲಿ. ಪತ್ತೇದಾರಿಣಿ ಹಲಗೆಯನ್ನು ಮೇಜಿನ ಅಂಚಿಗೆ ಇಟ್ಟು, ಟೋಪಿಯವನನ್ನು ವಿನಯದಿಂದ ಕರೆದಳು.

"ಇದರ ಮೇಲೆ ಎಂಟು ಕಪ್ಪು ಜೋಡಿಸಿ ನೋಡೋಣ."

ಅವನು ಜೋಡಿಸಿದ. ಆರು ಕಪ್ಪು ಆರು ಗುಳಿಯಲ್ಲಿ ಮಕ್ಕಳು ಬೆಂಚಿನ ಮೇಲೆ ಕೂತ ಹಾಗೆ ಕೂತವು. ಏಳನೆಯದನ್ನು ಎರಡರ ನಡುವೆ ತುರುಕಿದ, ಅದು ಓಲಾಡುತ್ತ ನಿಂತಿತು. ಎಂಟನೆಯದನ್ನು ಇನ್ನೂ ಇಟ್ಟಿರಲಿಲ್ಲ, ಏಳನೆಯದು ಜಾರಿತು. ಅದನ್ನು ಹಿಡಿಯಲು ಹೋಗಿ ಕೈಯಲ್ಲಿದ್ದದ್ದನ್ನೂ ಬಿಟ್ಟ. ಎರಡೂ ನೆಲದ ಪಾಲಾದವು. ಹಿಂದೆ ನಿಂತ ಬಣ್ಣದ ಕೋಣೆಯ ಹೆಂಗಸರು ಚಪ್ಪಾಳೆ ತಟ್ಟಿದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಗೊತ್ತಿದ್ದೂ ಕಪ್ಪು ಒಡೆದದ್ದಕ್ಕೆ ಆ ಕಾರ್ಖಾನೆಯಲ್ಲಿ ಚಪ್ಪಾಳೆ ಬಿದ್ದದ್ದು ಅದೇ ಮೊದಲು.

"ನೋಡಿದ್ರಾ ಸಾರ್, ಎಂಟು ಇಲ್ಲಿ ನಿಲ್ಲೋದೇ ಇಲ್ಲ," ಎಂದಳು ಪತ್ತೇದಾರಿಣಿ. "ಈ ಮನೇಲಿ ಎಣಿಸೋದು ಹಲಗೆ ಲೆಕ್ಕದಲ್ಲಿ. ಒಂದು ಹಲಗೆ ತುಂಬಿತು ಅಂದ್ರೆ ಆರು ಅಂತ ಬರೆಯಲ್ಲ. ಒಂದು, ಸೊನ್ನೆ ಅಂತ ಒತ್ತುತೀವಿ. ಒಂದು ಹಲಗೆ, ಮೇಲೆ ಏನೂ ಉಳಿದಿಲ್ಲ ಅಂತ."

ಆಮೇಲಿನದನ್ನು ಅವಳು ಬೆರಳು ಮಡಚುತ್ತ ವಿವರಿಸಿದಳು. ಆರು ಹಲಗೆಗೆ ಒಂದು ಸ್ಟ್ಯಾಂಡು. ಆರು ಸ್ಟ್ಯಾಂಡಿಗೆ ಒಂದು ತಳ್ಳುಗಾಡಿ. ಪಾತ್ರೆಯ ತಳದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲನೆಯದು ಗಾಡಿ, ಎರಡನೆಯದು ಸ್ಟ್ಯಾಂಡು, ಮೂರನೆಯದು ಹಲಗೆ, ಕೊನೆಯದು ಬಿಡಿ ಪಾತ್ರೆ. ಯಾವುದೇ ಆಗಲಿ, ಆರಕ್ಕೆ ಮುಟ್ಟಿದ ಕೂಡಲೇ ಪಕ್ಕದ ಮನೆಗೆ ಒಂದಾಗಿ ಹೋಗುತ್ತದೆ. ಹಾಗಾಗಿ ಸೊನ್ನೆಯಿಂದ ಐದರ ತನಕ ಬಿಟ್ಟರೆ ಬೇರೆ ಅಂಕಿಯೇ ಈ ಕಾರ್ಖಾನೆಗೆ ಬೇಡ.

ಮೇಸ್ತ್ರಿ ಅಷ್ಟರಲ್ಲಿ ಸಂಖ್ಯೆ ಒತ್ತುವ ಅಚ್ಚುಗಳ ಡಬ್ಬಿಯನ್ನು ತಂದು ಅಧ್ಯಕ್ಷರ ಮುಂದೆ ಸುರಿದ. ಹಿಡಿ ಸವೆದ ಹಿತ್ತಾಳೆ ಅಚ್ಚುಗಳು. ಎಣಿಸಿದರೆ ಆರೇ ಆರು. ಎಂಟರ ಅಚ್ಚು ಹುಟ್ಟಿಯೇ ಇರಲಿಲ್ಲ.

ಅಧ್ಯಕ್ಷರು ಎದ್ದರು. ಗೋಡೆಯ ಕಪಾಟಿನಿಂದ ಕೈಗೆ ಸಿಕ್ಕ ಪಾತ್ರೆ ತೆಗೆದು ತಳ ನೋಡಿದರು, ಇನ್ನೊಂದನ್ನು ತೆಗೆದರು, ಮತ್ತೊಂದನ್ನು ತೆಗೆದರು. ಆರು ಇಲ್ಲ, ಏಳು ಇಲ್ಲ, ಎಂಟು ಇಲ್ಲ, ಒಂಬತ್ತು ಇಲ್ಲ. ಹೊಸ ಆಟಿಕೆ ಸಿಕ್ಕ ಮಗುವಿನ ಮುಖವಾಗಿತ್ತು ಅವರದು.

"ಅಂದ್ರೆ ನಿಮ್ಮ ಹತ್ತು ನಮ್ಮ ಆರು?"

"ಹೌದು ಸಾರ್. ನಮ್ಮ ನೂರು ನಿಮ್ಮ ಮೂವತ್ತಾರು."

"ನನಗೆ ಮೊನ್ನೆ ಅರವತ್ತು ತುಂಬಿತು. ನಿಮ್ಮಲ್ಲಿ ಎಷ್ಟಾಯ್ತು?"

"ಒಂದು ಸ್ಟ್ಯಾಂಡು, ನಾಲ್ಕು ಹಲಗೆ. ಒಂದು, ನಾಲ್ಕು, ಸೊನ್ನೆ. ನೂರ ನಲವತ್ತು ಸಾರ್."

"ಇದನ್ನ ನಮ್ಮ ಮನೆಯವಳ ಮುಂದೆ ಹೇಳಬೇಡಮ್ಮ," ಎಂದರು ಅಧ್ಯಕ್ಷರು. ಕೋಣೆಗೆ ಕೋಣೆಯೇ ನಕ್ಕಿತು.

ಟೋಪಿಯವನು ಮಾತ್ರ ಇಂಗು ತಿಂದ ಮಂಗನಂತೆ ನಿಂತಿದ್ದ. ಪತ್ತೇದಾರಿಣಿ ಅವನನ್ನೇ ನೋಡಿದಳು. ಮೋಸ ಸಿಕ್ಕಿಬಿದ್ದಾಗ ಕಳ್ಳರ ಮುಖ ಹೇಗಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳ ಅನ್ನವೇ ಅದು. ಕೆಲವರು ಸಿಡುಕುತ್ತಾರೆ, ಕೆಲವರು ಬೆವರುತ್ತಾರೆ. ಇವನು ಎರಡೂ ಮಾಡಲಿಲ್ಲ. ಅಂಕಿಗಳ ಅಚ್ಚನ್ನು ಒಂದೊಂದಾಗಿ ಎತ್ತಿ ನೋಡುತ್ತ ಏನನ್ನೋ ನೆನಪು ಮಾಡಿಕೊಳ್ಳುತ್ತಿದ್ದ. ಅದು ಅವಳಿಗೆ ಹಿಡಿಸಲಿಲ್ಲ. ಆದರೆ ಗೆದ್ದ ಗಳಿಗೆಯಲ್ಲಿ ಅನುಮಾನಕ್ಕೆ ಯಾರು ಕುರ್ಚಿ ಹಾಕುತ್ತಾರೆ? ಅವಳೂ ಹಾಕಲಿಲ್ಲ.

ಅಧ್ಯಕ್ಷರು ಸ್ಪಷ್ಟವಾಗಿ ಹೇಳಿದರು. ಈ ಕೆಟಲ್ ನಕಲಿ, ಅದರ ಬಗ್ಗೆ ಮಾತಿಲ್ಲ. ಆದರೆ ಕರಾರಿನ ಪ್ರಕಾರ ಅಸಲಿಯನ್ನೂ ಒಮ್ಮೆ ಕಣ್ಣಿಂದ ನೋಡಿ ಸಹಿ ಹಾಕಬೇಕು. ಊಟ ಮುಗಿಸಿದ ಮೇಲೆ ಮನೆಯ ಕೆಟಲನ್ನು ತಂದು ತೋರಿಸಿದರೆ ಸಾಕು, ಮುದ್ರೆ ನಿಮ್ಮದೇ. ಅಣ್ಣ ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದ. ಅಷ್ಟು ದೊಡ್ಡವನು, ಕಣ್ಣಲ್ಲಿ ನೀರು. ಹೋಗೇ, ಅಜ್ಜಿಗೆ ಮೊದಲು ನೀನೇ ಹೇಳು ಎಂದು ದೂಡಿದ.

ಕೆಳಗೆ ಯಾರೋ ಹಾಡು ಶುರು ಮಾಡಿದರು. ಅವಳು ಎರಡೆರಡು ಮೆಟ್ಟಿಲು ಹಾರುತ್ತ ಮಹಡಿಗೆ ಹೋದಳು.

ಅಜ್ಜಿಗೆ ಮಂಡಿನೋವು, ಕೆಳಗೆ ಇಳಿಯುವುದು ಕಡಿಮೆ. ಆದರೆ ಅವರ ಕೋಣೆಯ ಕಿಟಕಿ ಅಂಗಳದ ಮೇಲೇ ಇರುವುದರಿಂದ ಕಾರ್ಖಾನೆಯಲ್ಲಿ ಯಾರು ಕೆಮ್ಮಿದರೂ ಅವರಿಗೆ ಗೊತ್ತು. ಕಿಟಕಿಯ ಪಕ್ಕ ಕೂತು ಟೀ ಕುಡಿಯುತ್ತಿದ್ದವರು ಮೊಮ್ಮಗಳನ್ನು ಕಂಡು, "ಕೆದಕಿದೆಯೇನೇ ಕೋಳಿ?" ಎಂದರು. ಚಿಕ್ಕಂದಿನಿಂದ ಕಂಡದ್ದನ್ನೆಲ್ಲ ಕೆದಕುವ ಮೊಮ್ಮಗಳಿಗೆ ಅವರಿಟ್ಟ ಹೆಸರು ಅದು. ಊರಿಗೆಲ್ಲ ಪತ್ತೇದಾರಿಣಿಯಾದರೂ ಈ ಕೋಣೆಯಲ್ಲಿ ಅವಳು ಕೋಳಿಯೇ.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಏಳನೆಯ ಕಪ್ಪು ಓಲಾಡಿದ್ದನ್ನು ನಟಿಸಿ ತೋರಿಸಿದಳು. ಅಧ್ಯಕ್ಷರ ನೂರ ನಲವತ್ತನ್ನು ಕೇಳಿ ಅಜ್ಜಿ ಟೀ ಚೆಲ್ಲುವಷ್ಟು ನಕ್ಕರು. ಮನೆಯ ಕೆಟಲನ್ನೂ ನೋಡಬೇಕಂತೆ ಎಂದಾಗ ಮಾತ್ರ ಆ ನಗು ಅರ್ಧಕ್ಕೇ ನಿಂತಿತು.

ಪತ್ತೇದಾರಿಣಿಯ ಕೈ ಆಗಲೇ ಗಾಜಿನ ಕಪಾಟಿನ ಬಾಗಿಲ ಮೇಲಿತ್ತು.

ಕೆಟಲ್ ಎಂದಿನಂತೆ ಅಲ್ಲೇ ಇತ್ತು. ಬಿಳಿ ಮೈ, ನೀಲಿ ಹಕ್ಕಿ, ಹಕ್ಕಿಯ ಕೊಕ್ಕಿನಲ್ಲೊಂದು ಕಡ್ಡಿ. ಹುಟ್ಟಿದಾಗಿನಿಂದ ನೋಡಿದ್ದಳು, ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಮನೆದೇವರ ಬೆನ್ನು ನೋಡಿದವರು ಯಾರು? ಈಗ ತಿರುಗಿಸಿದಳು.

೨೩೧೩.

ಎಲ್ಲ ಅಂಕಿಯೂ ಐದರ ಒಳಗೇ. ಅಬ್ಬ ಎಂದುಕೊಂಡಳು. ಎರಡು ಗಾಡಿ, ಮೂರು ಸ್ಟ್ಯಾಂಡು, ಒಂದು ಹಲಗೆ, ಮೇಲೆ ಮೂರು ಪಾತ್ರೆ. ಹೊರಗಿನವರ ಲೆಕ್ಕದಲ್ಲಿ ಐನೂರ ನಲವತ್ತೊಂಬತ್ತು. ಸಂತೋಷದಿಂದ ಬಾಗಿಲ ತನಕ ಹೋದವಳು ಅಲ್ಲೇ ನಿಂತಳು. ಹಳೆಯ ಅಭ್ಯಾಸವೊಂದು ತಾನಾಗಿ ಎದ್ದು ಅಂಕಿಗಳನ್ನು ಕೂಡಿಸಿಬಿಟ್ಟಿತ್ತು. ಎರಡು, ಮೂರು, ಒಂದು, ಮೂರು. ಒಂಬತ್ತು.

ಒಂಬತ್ತು ಆಗುವ ಹಾಗಿರಲಿಲ್ಲ.

ತಾತ ಅವಳನ್ನು ತಿಗರಿಯ ಪಕ್ಕ ಕೂರಿಸಿಕೊಂಡು ಕಲಿಸಿದ್ದ ಆಟ ಅದು. ಅಣ್ಣ ಆಗ ಚೆಂಡಿನ ಹಿಂದೆ ಓಡುತ್ತಿದ್ದ, ಅವನಿಗೆ ಇದು ಬಾರದು. ಈ ಮನೆಯಲ್ಲಿ ಒಂದು ಸೆಟ್ಟು ಎಂದರೆ ನಾಲ್ಕು ಕಪ್ಪು, ಒಂದು ಕೆಟಲ್. ಅದೇ ಕ್ರಮದಲ್ಲಿ ಮಾಡಿ ಅದೇ ಕ್ರಮದಲ್ಲಿ ಸಂಖ್ಯೆ ಒತ್ತುತ್ತಿದ್ದರು. ಹಾಗಾಗಿ ಪ್ರತಿ ಐದನೆಯ ಪಾತ್ರೆ ಕೆಟಲ್. ಕೆಟಲಿನ ಸಂಖ್ಯೆ ಯಾವತ್ತೂ ಐದರಿಂದ ಭಾಗವಾಗಲೇಬೇಕು.

ಭಾಗವಾಗುತ್ತದೋ ಇಲ್ಲವೋ ನೋಡಲು ಭಾಗಾಕಾರ ಬೇಕಿಲ್ಲ. ಒಂದು ಹಲಗೆಯಲ್ಲಿ ಆರು: ಐದನ್ನು ತೆಗೆದರೆ ಉಳಿಯುವುದು ಒಂದು. ಸ್ಟ್ಯಾಂಡಿನಲ್ಲಿ ಮೂವತ್ತಾರು: ಐದೈದಾಗಿ ತೆಗೆದರೆ ಉಳಿಯುವುದು ಒಂದು. ಗಾಡಿಯಲ್ಲಿ ಇನ್ನೂರ ಹದಿನಾರು: ಅಲ್ಲೂ ಉಳಿಯುವುದು ಒಂದೇ. ಅಂದಮೇಲೆ ಎಷ್ಟು ಗಾಡಿ, ಎಷ್ಟು ಸ್ಟ್ಯಾಂಡು, ಎಷ್ಟು ಹಲಗೆ, ಎಷ್ಟು ಬಿಡಿ ಎಂದು ಬರೀ ಅಂಕಿಗಳನ್ನು ಕೂಡಿಸಿದರೆ ಸಾಕು. ಮೊತ್ತ ಐದೋ ಹತ್ತೋ ಹದಿನೈದೋ ಬಂದರೆ ಅದು ಕೆಟಲ್. ಊರಿನವರು ಒಂಬತ್ತರ ಮಗ್ಗಿಯಲ್ಲಿ ಅಂಕಿ ಕೂಡಿಸಿ ನೋಡುತ್ತಾರಲ್ಲ, ಹಾಗೆ. ಅವರಿಗೆ ಹತ್ತರ ಹಿಂದಿನ ಒಂಬತ್ತು, ಇವರಿಗೆ ಆರರ ಹಿಂದಿನ ಐದು.

ಮೊತ್ತ ಒಂಬತ್ತು ಎಂದರೆ ಐದು ತೆಗೆದ ಮೇಲೆ ನಾಲ್ಕು. ಇದು ಕೆಟಲಿನ ಸಂಖ್ಯೆಯಲ್ಲ. ಸೆಟ್ಟಿನ ನಾಲ್ಕನೆಯ ಕಪ್ಪಿನದು.

ಟೋಪಿಯವನ ಕೆಟಲನ್ನು ಯಾರೋ ಏನೂ ತಿಳಿಯದವರು ಮಾಡಿದ್ದರು. ಇದನ್ನು ಮಾಡಿದವರ ಬಳಿ ಮನೆಯ ಅಚ್ಚಿತ್ತು, ಮನೆಯ ಲೆಕ್ಕವಿತ್ತು. ಒಳಗಿನವರದೇ ಕೈ. ಸಂಖ್ಯೆಯನ್ನು ಆ ಕಪ್ಪಿನಿಂದ ನೋಡಿ ಬರೆದುಕೊಂಡಿರಬೇಕು. ಆ ಸೆಟ್ಟಿನ ಮೂರು ಕಪ್ಪು ಎಂದೋ ಒಡೆದುಹೋಗಿವೆ. ಉಳಿದದ್ದು ಒಂದೇ.

ಅವಳು ತಿರುಗಿ ನೋಡಿದಳು. ನೀಲಿ ಹಕ್ಕಿಯ ಆ ಕಪ್ಪು ಅಜ್ಜಿಯ ಕೈಯಲ್ಲಿತ್ತು.

"ಟೀ ಮುಗಿಸು ಅಜ್ಜಿ," ಎಂದಳು.

ಅಜ್ಜಿ ಅವಳ ಮುಖವನ್ನೊಮ್ಮೆ, ಕೆಟಲನ್ನೊಮ್ಮೆ ನೋಡಿದರು. ನಿಧಾನವಾಗಿ ಕೊನೆಯ ಗುಟುಕು ಕುಡಿದು, ಸೆರಗಿನಿಂದ ಕಪ್ಪಿನ ಬಾಯಿ ಒರೆಸಿ, ತಾವೇ ತಿರುಗಿಸಿ ಹಿಡಿದರು. ೨೩೧೩.

"ಬಾಗಿಲು ಹಾಕು."

ಅವಳು ಹಾಕಿದಳು. ಎಷ್ಟು ಕಳ್ಳರನ್ನು ಎಷ್ಟು ಕೋಣೆಗಳಲ್ಲಿ ಕೂರಿಸಿ ಬಾಯಿ ಬಿಡಿಸಿದ್ದಳೋ, ಇಲ್ಲಿ ಅವಳಿಗೆ ಮೊದಲ ಪ್ರಶ್ನೆಯೇ ಹೊಳೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು?

ಕೇಳಬೇಕಾಗಲಿಲ್ಲ. ಅಜ್ಜಿ ತಾವಾಗಿ ಹೇಳಿದರು. ಪಾಲುದಾರರು ಜಗಳವಾಡಿ ಹೊರಟ ದಿನ ಅವರ ಕೈಯಲ್ಲಿ ಏನೂ ಇರಲಿಲ್ಲ. ಆವಿಗೆ ಇವರದು, ತಿಗರಿ ಇವರದು, ಜಾಗ ಇವರದು. ಆದರೆ ಕೆಟಲಿನ ಮೇಲಿನ ಹಕ್ಕಿ ಬರೆದದ್ದು ಅವರು. ತಾನೇ ಕೈಯಾರೆ ಬರೆದ ಹಕ್ಕಿಯನ್ನೂ ಬಿಟ್ಟು ಬರಿಗೈಯಲ್ಲಿ ಹೋಗುವ ಮನುಷ್ಯನನ್ನು ಕಿಟಕಿಯಿಂದ ನೋಡಿ ಅಜ್ಜಿಗೆ ತಡೆಯಲಾಗಲಿಲ್ಲ. ಕೆಟಲನ್ನು ಹುಲ್ಲಿನಲ್ಲಿ ಸುತ್ತಿ ಹಿಂಬಾಗಿಲಿನಿಂದ ಹೋಗಿ ಕೊಟ್ಟರು. ಮುದ್ರೆ ಕೇಳಬೇಡಿ, ಇಲ್ಲಿರುವವರ ಅನ್ನ ಹೋಗುತ್ತದೆ ಎಂದರು. ಕೇಳುವುದಿಲ್ಲ ಎಂದು ಅವರು ಮಾತು ಕೊಟ್ಟರು, ಸಾಯುವ ತನಕ ಉಳಿಸಿಕೊಂಡರು.

ತಾತ ಮಣ್ಣು ಕೊಳ್ಳಲು ಹೋದ ದಿನ ಅಜ್ಜಿ ತಾವೇ ತಿಗರಿಗೆ ಕೂತು ಇನ್ನೊಂದು ಕೆಟಲ್ ಮಾಡಿದರಂತೆ.

"ಕಪ್ಪಿನ ಸಂಖ್ಯೆ ಯಾಕೆ ಹಾಕಿದೆ ಅಜ್ಜಿ? ಕೆಟಲಿಂದೇ ಹಾಕಬಹುದಿತ್ತಲ್ಲ. ನಿನಗೆ ಐದರ ಆಟ ಬರುತ್ತೆ."

"ಕೆಟಲಿಂದು ಹಾಕಿದ್ರೆ ಅದು ಸುಳ್ಳಾಗ್ತಿತ್ತು ಕಣೇ. ಇದನ್ನ ಕೂಡಿಸಿ ನೋಡಿದವರಿಗೆ ಅಸಲಿ ಅಲ್ಲ ಅಂತ ಗೊತ್ತಾಗುತ್ತೆ. ಮಾಡಿದ್ದು ಕಳ್ಳತನ ಸರಿ, ಮೇಲೆ ಸುಳ್ಳು ಬೇರೆ ಒತ್ತೋದಾ?"

"ತಾತನಿಗೆ ಗೊತ್ತಾಗಲಿಲ್ವಾ?"

ಅಜ್ಜಿ ಖಾಲಿ ಕಪ್ಪನ್ನು ಮಡಿಲಲ್ಲಿ ಇಟ್ಟುಕೊಂಡರು. "ಒಂದಿನ ತಿರುಗಿಸಿ ನೋಡಿದ್ರು. ಕೂಡಿಸಿದ್ರು, ತುಟಿ ಅಲ್ಲಾಡಿದ್ದು ನಾನು ನೋಡಿದೆ. ಸುಮ್ಮನೆ ವಾಪಸ್ ಇಟ್ರು. ಅವತ್ತಿಂದ ಆ ಕಪಾಟಿನ ಧೂಳು ಅವರೇ ಒರೆಸ್ತಿದ್ರು. ಬೇರೆ ಯಾರಿಗೂ ಮುಟ್ಟೋಕೆ ಬಿಡಲಿಲ್ಲ."

ಪತ್ತೇದಾರಿಣಿಗೆ ನಗು ಬಂತು. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದ ಹಾಗೆ ನಟಿಸುತ್ತ ಒಂದು ನಕಲಿ ಕೆಟಲನ್ನು ಇಷ್ಟು ವರ್ಷ ಕಾಪಾಡಿದ್ದರು. ತಾತನ ಮೇಲೆ ಅವಳಿಗೆ ಎಂದೂ ಇಲ್ಲದಷ್ಟು ಪ್ರೀತಿ ಉಕ್ಕಿತು.

ಪ್ರೀತಿ ಸರಿ, ಈಗಿನ ಗತಿ ಏನು? ಅವಳು ಕೆಟಲ್ ಹಿಡಿದೇ ಕೂತಳು. ಅಧ್ಯಕ್ಷರು ಕಲಿತದ್ದು ಅರ್ಧ ಪಾಠ. ಎಂಟು, ಒಂಬತ್ತು ಇದೆಯೇ ಎಂದು ನೋಡುತ್ತಾರೆ, ಇಲ್ಲ ಎಂದು ಸಹಿ ಹಾಕುತ್ತಾರೆ. ಅಣ್ಣ ಹೊಟ್ಟೆ ತುಂಬ ಉಣ್ಣುತ್ತಾನೆ. ಕೆಳಗೆ ಹಾಡುತ್ತಿರುವವರು ನಾಳೆಯೂ ಹಾಡುತ್ತಾರೆ. ಅದಕ್ಕೆ ಅವಳು ಮಾಡಬೇಕಾದದ್ದು ಇಷ್ಟೇ: ಕೂಡಿಸದೆ ಇರುವುದು. ಆದರೆ ಅಂಕಿ ಮುಚ್ಚಿಟ್ಟವರನ್ನು ಹಿಡಿದು ಹಿಡಿದೇ ಹೆಸರು ಮಾಡಿದವಳು ಅವಳು. ಅಸಲಿ ಕೆಟಲ್ ಎಲ್ಲೋ ಇದೆ. ನಾಲ್ಕನೆಯ ಕಪ್ಪಿನ ನಂತರದ್ದು. ಅದರ ತಳದಲ್ಲಿ ೨೩೧೪ ಇರಲೇಬೇಕು, ಮೊತ್ತ ಹತ್ತು ಬರಲೇಬೇಕು.

"ನೀನು ಹೇಳೋ ಹಾಗೆ ಆಗಲಿ," ಎಂದರು ಅಜ್ಜಿ. "ಮುಚ್ಚಿಡು ಅಂತ ನಾನು ಕೇಳಲ್ಲ. ಹೇಳು ಅಂತಾನೂ ಹೇಳಲ್ಲ. ಕೆದಕಿದವಳು ನೀನು."

ಕೆಳಗಿನಿಂದ ಅಣ್ಣನ ದನಿ ಬಂತು. ಅಧ್ಯಕ್ಷರ ಊಟ ಮುಗಿಯಿತು, ಕೈ ತೊಳೆಯುತ್ತಿದ್ದಾರೆ, ಕೆಟಲ್ ತಗೊಂಡು ಬಾ ಎಂದು ಕೂಗಿದ. ದನಿಯಲ್ಲಿ ಅಷ್ಟು ಉಲ್ಲಾಸ. ಅವಳು ಎದ್ದು ಬಾಗಿಲು ತೆಗೆದಳು.

ಹೊಸ್ತಿಲಿನಾಚೆ ಟೋಪಿಯವನು ನಿಂತಿದ್ದ. ಟೋಪಿ ಈಗ ತಲೆಯ ಮೇಲಿರಲಿಲ್ಲ, ಕೈಯಲ್ಲಿತ್ತು. ಅದು ಇಲ್ಲದೆ ಅವನು ಇನ್ನೂ ಚಿಕ್ಕವನಂತೆ ಕಾಣುತ್ತಿದ್ದ. ಅಜ್ಜಿಯ ಕ್ಷಮೆ ಕೇಳಿ ಹೋಗೋಣವೆಂದು ಬಂದೆ ಎಂದ. ಕೆಟಲನ್ನು ಮಾಡಿಸಿ ತಂದದ್ದು ನಿಜ, ತಪ್ಪಾಯಿತು. ಆದರೆ ಕಥೆ ಕಟ್ಟಿದ್ದಲ್ಲ. ನಮ್ಮ ಮನೆಯಲ್ಲಿ ಒಂದು ಹಳೆಯ ಹಕ್ಕಿ ಕೆಟಲ್ ಇದೆ, ನಮ್ಮ ತಾತ ಅದನ್ನು ಎತ್ತಿ ಮುದ್ದಾಡುತ್ತಿದ್ದರು. ಈಗ ಅದರ ಮೂತಿ ಮುರಿದಿದೆ, ಮುಚ್ಚಳ ಇಲ್ಲ, ಅಮ್ಮ ಅದರಲ್ಲಿ ಅಂಗಿಯ ಗುಂಡಿ ಹಾಕಿಡುತ್ತಾರೆ. ಅಂಥದ್ದನ್ನು ಅಧ್ಯಕ್ಷರ ಮುಂದೆ ಇಡಲು ನಾಚಿಕೆಯಾಗಿ, ಅದನ್ನೇ ನೋಡಿ ಹೊಸದೊಂದು ಮಾಡಿಸಿದೆ. ತಳದ ಸಂಖ್ಯೆ ನೋಡಬೇಕೆಂದು ಹೊಳೆಯಲಿಲ್ಲ, ಬಾಯಿಗೆ ಬಂದದ್ದನ್ನು ಒತ್ತಿಸಿದೆ.

"ನೀವು ಕೆಳಗೆ ಹೇಳಿದ್ದು ಕೇಳಿ ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದೆ. ಗುಂಡಿ ಸುರಿದು ತಳ ನೋಡಮ್ಮ ಅಂದೆ."

ಅವನು ಅಂಗೈ ಬಿಡಿಸಿದ. ಪೆನ್ನಿನಲ್ಲಿ ಬರೆದ ನಾಲ್ಕು ಅಂಕಿಗಳು ಬೆವರಿಗೆ ಸ್ವಲ್ಪ ಹರಡಿದ್ದವು. ಎರಡು, ಮೂರು, ಒಂದು, ನಾಲ್ಕು. ಹಿಂದೆ ಅಜ್ಜಿ ಮಡಿಲಲ್ಲಿದ್ದ ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟ ಸಣ್ಣ ಸದ್ದಾಯಿತು. ಮೆಟ್ಟಿಲ ಕೆಳಗೆ ಅಣ್ಣ ಮತ್ತೊಮ್ಮೆ ಕೂಗಿದ.

"ಇದರಲ್ಲಿ ಎಂಟಿಲ್ಲ ಮೇಡಂ," ಎಂದ ಅವನು. "ಇದು ನಿಮ್ಮ ಹಲಗೆ ಮೇಲೆ ನಿಲ್ಲುತ್ತಾ?"